ಸೊನ್ನೆಯಿಂದ ಶುರುವಾಗದ ಅಳತೆ

ಅಳತೆಪಟ್ಟಿಯ ಸೊನ್ನೆಗೆ ಒಂದು ತುದಿ ತಾಗುವಂತೆ ವಸ್ತುವೊಂದರ ಚಿತ್ರ ತೋರಿಸಿ ಉದ್ದ ಕೇಳಿದರೆ, 14ರಿಂದ 18ರ ಹರೆಯದ ಹಳ್ಳಿ ಹುಡುಗ ಹುಡುಗಿಯರಲ್ಲಿ ನೂರಕ್ಕೆ ಸುಮಾರು 85 ಮಂದಿ ಸರಿಯಾಗಿ ಹೇಳುತ್ತಾರೆ. ಚಿತ್ರವನ್ನು ಸೊನ್ನೆಯಿಂದ ತುಸು ಆಚೆ ಸರಿಸಿದರೆ ಸಾಕು, ಸರಿಯುತ್ತರ ಕೊಡುವವರು 39ಕ್ಕೆ ಇಳಿಯುತ್ತಾರೆ. ಶಿಕ್ಷಣದ ಸಮೀಕ್ಷೆ ನಡೆಸುವ ‘ಅಸರ್’ ತಂಡ 2023ರಲ್ಲಿ ದೇಶದ 28 ಜಿಲ್ಲೆಗಳಲ್ಲಿ 34,745 ಯುವಜನರನ್ನು ಮಾತನಾಡಿಸಿ ಕಂಡುಕೊಂಡ ಸಂಗತಿಯಿದು. ಅದೇ ವರದಿಯಲ್ಲಿ ದಾಖಲಾತಿ ಶೇ 86.8 ಎಂಬ ಸಮಾಧಾನದ ಅಂಕಿಯೂ ಇದೆ. ಆದರೆ ಶಾಲಾ ಕಾಲೇಜಿನ ಹಾಜರಿ ಪುಸ್ತಕ ಹೇಳಲಾರದ್ದನ್ನು ಆ ಸರಿಸಿಟ್ಟ ಚಿತ್ರ ಹೇಳಿಬಿಡುತ್ತದೆ. ಸೊನ್ನೆಯಿಂದ ಅಳೆಯುವವರು ವಸ್ತುವಿನ ಇನ್ನೊಂದು ತುದಿಯ ಅಂಕಿಯನ್ನಷ್ಟೇ ಓದಿದರೂ ಉತ್ತರ ಸಿಗುತ್ತದೆ. ಉದ್ದವೆಂದರೆ ಎರಡು ಬಿಂದುಗಳ ನಡುವಿನ ಅಂತರ ಎಂದು ತಿಳಿದವರಿಗೆ ಮಾತ್ರ ಕಳೆಯುವ ಲೆಕ್ಕ ಹೊಳೆಯುತ್ತದೆ. ಇಷ್ಟು ಸರಳವಾಗಿ ಇಷ್ಟು ದೂರ ನೋಡುವ ಪ್ರಶ್ನೆಗಳು ನಮ್ಮ ಸಮಾಜವಿಜ್ಞಾನದಲ್ಲಿ ಕಡಿಮೆ.

ಆ ಚಿತ್ರದ ಹಾಳೆ ಹಿಡಿದು ಎದುರು ಕೂರುವವರು ಪ್ರಾಧ್ಯಾಪಕರಲ್ಲ, ಬಹುಪಾಲು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮತ್ತು ಕಾಲೇಜುಗಳ ವಿದ್ಯಾರ್ಥಿಗಳು. ‘ಪ್ರಥಮ್’ ಸಂಸ್ಥೆಯ ಬೆಂಬಲದಲ್ಲಿ 2005ರಲ್ಲಿ ಶುರುವಾದ ಅಸರ್ ಮೊದಲು ಅಳೆದದ್ದು ಮಕ್ಕಳ ಓದು ಮತ್ತು ಲೆಕ್ಕವನ್ನು. ಹದಿಹರೆಯದವರತ್ತ ತಿರುಗಿದ್ದು 2017ರಲ್ಲಿ. ಊರು ಸುತ್ತಿ ನಕ್ಷೆ ಬರೆಯುವುದು, ಅದನ್ನು ನಾಲ್ಕು ಭಾಗ ಮಾಡುವುದು, ಎಡಬದಿಯ ಮನೆಗಳನ್ನು ಎಣಿಸುತ್ತ ಪ್ರತಿ ಐದನೆಯ ಬಾಗಿಲು ತಟ್ಟುವುದು, ಊರಿಗೆ 20 ಮನೆ ಮುಗಿಸುವುದು: ಕೆಲಸ ಹೇಳಲು ಇಷ್ಟೇ. ನಾಲ್ಕನೇ ಮನೆಯವರು ಕಾಫಿಗೆ ಕರೆದರೂ ಲೆಕ್ಕಕ್ಕೆ ಸೇರುವುದು ಐದನೆಯದೇ. ಒಪ್ಪಿಗೆ ಕೇಳಬೇಕು, ತಡವರಿಸುವವರಿಗೆ ಸುಳಿವು ಕೊಡಬಾರದು, ತುಂಬಿದ ಪುಸ್ತಿಕೆ ಮರುಪರಿಶೀಲನೆಗೆ ಹೋಗಬೇಕು. ಅಯ್ಯೋ ಪಾಪ ಎಂದು ಒಬ್ಬೊಬ್ಬರೂ ಕಣ್ಸನ್ನೆ ಮಾಡಿದ್ದರೆ ಆ 39 ಎಂಬ ಅಂಕಿಯೇ ಹುಟ್ಟುತ್ತಿರಲಿಲ್ಲ. ಹಾಗಾಗಿ ಯುವಜನರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮಾಡುವ ಈ ಬಗೆಯ ‘ನಿರ್ವಹಣೆ’ಯನ್ನು ಸಂಶೋಧನೆಗೆ ಮುಂಚಿನ ಕೂಲಿ ಎಂದು ಬದಿಗಿಡಲಾಗದು, ಸಂಶೋಧನೆ ನಿಲ್ಲುವುದೂ ಬೀಳುವುದೂ ಅಲ್ಲಿಯೇ. ಬರೆದದ್ದನ್ನು ಕಾಪಾಡುವುದೂ ಈ ನಿರ್ವಹಣೆಯ ಭಾಗವೇ. ಮೈಸೂರು ಸೀಮೆಯ ಹಳ್ಳಿಯೊಂದನ್ನು 1948ರಲ್ಲಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು 1970ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಬಲಿಯಾದವು. ನೆನಪನ್ನೇ ನೆಚ್ಚಿ ಅವರು ‘ದಿ ರಿಮೆಂಬರ್ಡ್ ವಿಲೇಜ್’ ಬರೆದರು. ಆ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವ ಶಿಸ್ತು ಯಾವ ವಿದ್ಯಾರ್ಥಿಗೂ ಒಗ್ಗೀತು.

ಇಪ್ಪತ್ತರ ಹುಡುಗರ ಕೈಗೆ ಇಂಥ ಹೊಣೆ ಕೊಡುವುದೇ ಎಂಬ ಅನುಮಾನ ಸಹಜ. ಆದರೆ ಅನುಭವಿಗಳಿಗೂ ಅವರದೇ ತೊಡಕುಗಳಿವೆ: ಮೇಷ್ಟರು ಬಂದು ಕೂತರೆ ಅದು ಪರೀಕ್ಷೆಯಾಗುತ್ತದೆ, ಅಧಿಕಾರಿ ಬಂದರೆ ಅರ್ಜಿಯಾಗುತ್ತದೆ. ಸ್ವಂತ ಸ್ಮಾರ್ಟ್‌ಫೋನ್ ಇದೆಯೇ ಎಂದು ಹುಡುಗಿಯೊಬ್ಬಳನ್ನು ಕೇಳಲು ಹೆಚ್ಚುಕಡಿಮೆ ಅವಳದೇ ವಯಸ್ಸಿನವರು ಬಂದರೆ ಉತ್ತರದಲ್ಲಿ ಬಿಗುವು ಕಡಿಮೆ. (2023ರ ಅದೇ ಸಮೀಕ್ಷೆಯಲ್ಲಿ ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಸ್ವಂತದ್ದು ಇದ್ದ ಹುಡುಗರು ಶೇ 43.7, ಹುಡುಗಿಯರು ಶೇ 19.8.) ಅಗ್ಗದ ದುಡಿಮೆ ಎಂಬ ಇನ್ನೊಂದು ಆಕ್ಷೇಪಕ್ಕೆ ಹೀಗೆ ಸಲೀಸಾಗಿ ಉತ್ತರಿಸಲಾಗದು. ಪ್ರಮಾಣಪತ್ರವೊಂದನ್ನು ಕೈಗಿತ್ತು, ವಿಶ್ಲೇಷಣೆಯ ಕೋಣೆಗೆ ಬಿಟ್ಟುಕೊಳ್ಳದೆ ಕಳಿಸಿದರೆ ಆ ದೂರು ನಿಜವೇ ಆಗುತ್ತದೆ. ಅಂಕಿ ತಂದವರಿಗೆ ಅಂಕಿಯನ್ನು ಪ್ರಶ್ನಿಸುವ ಹಕ್ಕೂ ಇರಬೇಕು.

ಈ ಹಕ್ಕು ಸಿಕ್ಕರೆ ಏನಾದೀತು ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನತ್ತ ನೋಡಬಹುದು. ಇಲ್ಲಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುಮಾರು 54 ಎಕರೆಯಲ್ಲಿ ಮುನ್ನೂರರ ಆಸುಪಾಸಿನ ಮರಗಳು ಎಂದು ಲೆಕ್ಕವಿದೆ. ಮರುವರ್ಷವೇ ಇದೇ ತಾಲ್ಲೂಕಿನಲ್ಲಿ ವಿಮಾನ ನಿಲ್ದಾಣ ತೆರೆಯಿತು. ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿದ್ದು 2025ರ ಜುಲೈನಲ್ಲಿ, ರೈತರ ದೀರ್ಘ ಹೋರಾಟದ ನಂತರ. ಹಳೆಯ ತೋಪು, ಹೊಸ ನಿಲ್ದಾಣ, ಹೋರಾಡಿ ಉಳಿಸಿಕೊಂಡ ನೆಲ: ಇವುಗಳ ನಡುವೆ, ಹೊಲದಲ್ಲಿ ಉಳಿಯುವುದೋ ವಿಮಾನ ನಿಲ್ದಾಣದ ಪಾಳಿ ಕೆಲಸ ಹಿಡಿಯುವುದೋ ಎಂಬ ತೂಗುಯ್ಯಾಲೆಯಲ್ಲಿರುವ ಹದಿನೇಳರ ಹುಡುಗನನ್ನು ರಾಷ್ಟ್ರೀಯ ಸಮೀಕ್ಷೆಯ ಪ್ರಶ್ನಾವಳಿ ಹಿಡಿಯಲಾರದು. ಅದಕ್ಕೆ ಇಲ್ಲಿಯವೇ ಪ್ರಶ್ನೆಗಳು ಬೇಕು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆಯ ಪದವಿ ಕಾಲೇಜುಗಳ ಸಮಾಜಶಾಸ್ತ್ರ, ಅರ್ಥಶಾಸ್ತ್ರ ವಿಭಾಗಗಳಿಗೆ ಒಂದು ಕೋಣೆ, ಬೀಗವಿರುವ ಬೀರು, ಸರದಿಯ ಮೇಲೆ ಹೊಣೆ ಹೊರುವ ಎರಡನೇ ವರ್ಷದ ಮಕ್ಕಳು ಸಿಕ್ಕರೆ ಕೆಲಸ ಹಿಡಿಯಬಹುದು. ಮತ್ತೆ ಮತ್ತೆ ಅದೇ ಮನೆಗೆ ಹೋಗಲು ಊರವರಿಗಿರುವ ಸಲುಗೆ ದೂರದವರಿಗೆ ಇರುವುದಿಲ್ಲ. ಅಸರ್ ನಡೆಸಿದ ಯುವಜನರ ಮೊದಲ ಸಮೀಕ್ಷೆಗೂ ಎರಡನೆಯದಕ್ಕೂ ನಡುವೆ ಆರು ವರ್ಷ ಕಳೆದವು. 2017ರಲ್ಲಿ 14 ತುಂಬಿದ್ದವರಿಗೆ 2023ರಲ್ಲಿ 20 ಆಗಿತ್ತು. ಅವರು ಸಮೀಕ್ಷೆಯ ವಯೋಮಿತಿಯನ್ನು ದಾಟಿಬಿಟ್ಟಿದ್ದರು.