ನೀರಿಳಿದ ಮೇಲೆ ಮೊದಲು ಸ್ವಿಚ್ ಒತ್ತಬೇಡಿ

ಚೆನ್ನೈನ ಉತ್ತರ ಭಾಗದ ಮಣಲಿ ಕಾರ್ಖಾನೆಗಳ ಊರು. 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆ ಸುರಿದಾಗ ಇಲ್ಲಿನ ಕೆಲವು ಬೀದಿಗಳಿಗೆ ನುಗ್ಗಿದ್ದು ಬರೀ ನೀರಲ್ಲ, ತೈಲ ಬೆರೆತ ಕಪ್ಪು ನೀರು. ಅದು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಎಣ್ಣೂರು ಅಳಿವೆಯವರೆಗೂ ಹರಿದು ಮೀನುಗಾರರ ಬಲೆ, ದೋಣಿಗಳಿಗೂ ಮೆತ್ತಿಕೊಂಡಿತು.

ನೀರಿಳಿದ ಮೇಲೆ ಎಲ್ಲರೂ ಫ್ರಿಜ್, ಹಾಸಿಗೆ, ಬೈಕಿನ ಲೆಕ್ಕ ಹಾಕುತ್ತಾರೆ. ಟಿವಿ ಕೆಳಗಿನ ಅಂಗೈಯಗಲದ ಹಾರ್ಡ್ ಡಿಸ್ಕ್ ನೆನಪಾಗುವುದು ಕೊನೆಗೆ. ಊರು ಬಿಟ್ಟು ಬಂದ ನಮ್ಮಂಥವರ ಮದುವೆ ವಿಡಿಯೊ, ಮಗುವಿನ ಮೊದಲ ಹೆಜ್ಜೆ ಎಲ್ಲ ಇರುವುದು ಅದರಲ್ಲೇ. ನೆಲಮಹಡಿಯಲ್ಲಿದ್ದ ಕೋಲಾರದ ಗೆಳೆಯರ ಡಿಸ್ಕಿನಲ್ಲಿ ತೀರಿಹೋದ ಅವರ ತಾಯಿ ಹಾಡಿದ ಸೋಬಾನೆ ಪದಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಬಟ್ಟೆಯಲ್ಲಿ ಒರೆಸಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಲು ಹೊರಟಿದ್ದರು. ಬೇಡವೆಂದೆ.

ಕಾರಣವಿಷ್ಟೆ. ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದನ್ನು ಓದುವ ಹೆಡ್ ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತದೆ. ಹೆಚ್ಚಿನ ಡಿಸ್ಕ್‌ಗಳ ಕವಚದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿದ್ದು, ಮುಳುಗಿದರೆ ನೀರು ಒಳಹೋಗಬಹುದು. ನೀರು ತಟ್ಟೆಯ ಮೇಲಿನ ಮಾಹಿತಿಯನ್ನು ಅಳಿಸುವುದಿಲ್ಲ. ಆದರೆ ಕೆಸರಿನ ಕಣವಿರುವಾಗ ತಟ್ಟೆ ತಿರುಗಿದರೆ ಹೆಡ್ ಅದನ್ನು ಗೀರುತ್ತದೆ. ಗೀರಿದ ಜಾಗ ಮತ್ತೆ ಸಿಗದು.

ಹಾಗಾಗಿ ಕರೆಂಟ್ ಕೊಡಬೇಡಿ, ಡಿಸ್ಕ್ ಬಿಚ್ಚಬೇಡಿ, ಬಿಸಿಲಿಗೂ ಹೇರ್ ಡ್ರೈಯರ್‌ಗೂ ಒಡ್ಡಬೇಡಿ. ಒಣಗಿದರೆ ಕೊಳೆ ತಟ್ಟೆಗೆ ಅಂಟಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಆದಷ್ಟು ಬೇಗ ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ನೀರಿನಲ್ಲಿ ತೈಲವಿತ್ತೆಂದು ಮೊದಲೇ ಹೇಳಿ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ತಿರುಗುವ ಭಾಗಗಳಿಲ್ಲ. ಅವುಗಳ ಶತ್ರು ಶಾರ್ಟ್ ಸರ್ಕ್ಯೂಟ್ ಮತ್ತು ತುಕ್ಕು. ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ನೆರಳಲ್ಲಿ ಕೆಲವು ದಿನ ಚೆನ್ನಾಗಿ ಒಣಗಿಸಿ, ಆಮೇಲಷ್ಟೇ ಸಿಕ್ಕಿಸಿ. ತೆರೆದುಕೊಂಡರೆ ಮೊದಲ ಕೆಲಸ ನಕಲು ತೆಗೆಯುವುದು. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಒಳಗಿನ ಉಪ್ಪು, ಕೊಳೆ ಹೋಗುವುದಿಲ್ಲ. ಅಕ್ಕಿಯ ಧೂಳು ಮಾತ್ರ ಸೇರುತ್ತದೆ.

ಗೆಳೆಯರಿಗೆ ಹೆಚ್ಚಿನ ಹಾಡುಗಳು ಸಿಕ್ಕವು, ಮೂರು ಸಿಗಲಿಲ್ಲ. ಲ್ಯಾಬ್ ಬಿಲ್ಲಿನಲ್ಲಿ ಹಲವು ಹೊಸ ಡಿಸ್ಕ್ ಬರುತ್ತಿದ್ದವು.

ನಮ್ಮ ವೃತ್ತಿಯಲ್ಲಿ 3-2-1 ಎಂಬ ನಿಯಮವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಆ ಬೇರೆ ಜಾಗ ಹೊರನಾಡ ಕನ್ನಡಿಗರಿಗೆ ಸುಲಭವಾಗಿ ಸಿಗುತ್ತದೆ, ಅದು ನಮ್ಮ ಊರು. ಒಂದು ಪ್ರತಿ ಅಮ್ಮನ ಬೀರುವಿನ ಮೇಲಿನ ಅರೆಯಲ್ಲಿರಲಿ. ಯುಗಾದಿಗೋ ದೀಪಾವಳಿಗೋ ಹೋದಾಗ ಹಳೆಯದನ್ನು ತೆರೆದು ನೋಡಿ, ಹೊಸ ಫೋಟೊ ಸೇರಿಸಿ ಇಟ್ಟು ಬನ್ನಿ. ಮಣಲಿಗೆ ಬಂದ ನೀರು ಮಾಲೂರಿನ ಬೀರುವಿಗೆ ಬರುವುದಿಲ್ಲ.