ಕೆಮಿಸ್ಟ್ರಿ ಅಂದ್ರೆ ಜ್ವರ ಬರುತ್ತಾ?

ಮೊದಲ ಇಂಟರ್ನಲ್ಸ್ ಮುಗೀತು ಅಂದ್ರೆ ಸಾಕು, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್ ಕೋರ್ಸ್‌ಗಳಿಗೆ ಸೇರಿದ ಹೆಣ್ಣುಮಕ್ಕಳ ಮನೆಗಳಲ್ಲಿ ಒಂದೇ ರಾಗ. 'ಅಮ್ಮಾ, ಅನಾಟಮಿ ಹೇಗೋ ಉರು ಹೊಡೀತೀನಿ. ಈ ಬಯೋಕೆಮಿಸ್ಟ್ರಿ ಮಾತ್ರ ನನ್ ಕೈಲಾಗಲ್ಲ, ಬಿಟ್ಟು ಬಂದ್ಬಿಡ್ತೀನಿ...'

ಕಡೂರು, ಬೀರೂರು, ತರೀಕೆರೆ, ಅಜ್ಜಂಪುರದ ಕಡೆಯಿಂದ ಶಿವಮೊಗ್ಗ, ಹಾಸನ, ಬೆಂಗಳೂರು ಅಂತ ಓದೋಕೆ ಹೋದ ಹುಡುಗಿಯರು ಎಷ್ಟೋ ಜನ. ತೆಂಗು, ಅಡಿಕೆ ಮಾರಿದ ದುಡ್ಡಲ್ಲಿ ಫೀಸು ಕಟ್ಟಿದ ಅಪ್ಪ ತಲೆ ಮೇಲೆ ಕೈ ಹೊತ್ತು ಕೂರ್ತಾರೆ. 'ಓದಿದ್ದು ಸಾಕು, ಗಂಡು ನೋಡಿ' ಅಂತ ಅಜ್ಜಿ ಶುರು ಹಚ್ಕೋತಾರೆ. ಒಂದು ಸಬ್ಜೆಕ್ಟಿನ ಭಯ ಹುಡುಗಿಯ ಬದುಕಿನ ದಾರಿಯನ್ನೇ ತಿರುಗಿಸಿಬಿಡಬಹುದು. ಹಾಗಾಗದಿರಲಿ ಅಂತ ಈ ನಾಲ್ಕು ಮಾತು.

ಭಯ ಎಲ್ಲಿಂದ ಬಂತು?

ನಿಮ್ಮ ಮಗಳು ದಡ್ಡಿ ಅಲ್ಲ. ಹತ್ತನೇ ಕ್ಲಾಸಿನವರೆಗೆ ಆಮ್ಲ, ಪ್ರತ್ಯಾಮ್ಲ, ದ್ರಾವಣ, ಲವಣ ಅಂತ ಓದಿದವಳಿಗೆ ಇದ್ದಕ್ಕಿದ್ದಂತೆ ಆಸಿಡ್, ಬೇಸ್, ಸೊಲ್ಯೂಷನ್, ಸಾಲ್ಟ್ ಅಂದರೆ ಎಲ್ಲಾ ಹೊಸದಾಗಿ ಕಾಣುತ್ತೆ. ಜಿಎನ್‌ಎಂ ಕೋರ್ಸಿಗೆ ಆರ್ಟ್ಸ್, ಕಾಮರ್ಸ್ ಪಿಯುಸಿ ಮಾಡಿದವರೂ ಸೇರಬಹುದು. ಅಂಥವರು ರಸಾಯನ ವಿಜ್ಞಾನ ಮುಟ್ಟಿ ಎರಡು ವರ್ಷ ಕಳೆದಿರುತ್ತೆ. ಬಿಎಸ್ಸಿ ನರ್ಸಿಂಗ್‌ನ 2021ರ ಪಠ್ಯಕ್ರಮದಲ್ಲಂತೂ ಎರಡನೇ ಸೆಮಿಸ್ಟರ್‌ಗೇ ಅಪ್ಲೈಡ್ ಬಯೋಕೆಮಿಸ್ಟ್ರಿ ಬಂದುಬಿಡುತ್ತೆ. ಅಂದರೆ ಅರ್ಧ ಕಷ್ಟ ಇಂಗ್ಲಿಷಿನದು, ಇನ್ನರ್ಧ ದಶಮಾಂಶದ ಲೆಕ್ಕದ್ದು. ಎರಡಕ್ಕೂ ಮದ್ದಿದೆ.

ಅಡುಗೆಮನೆಯೇ ಲ್ಯಾಬು

ಮಗು ಹೆಸರಿಡುವ ದಿನ ಆರತಿಗೆ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕ್ತೀವಲ್ಲ, ಕೆಂಪಗೆ ಓಕುಳಿ ಆಗುತ್ತೆ. ಅದಕ್ಕೇ ನಿಂಬೆಹಣ್ಣು ಹಿಂಡಿ ನೋಡಿ, ಮತ್ತೆ ಹಳದಿ! ಕಾಲೇಜಿನಲ್ಲಿ 'ಇಂಡಿಕೇಟರ್' ಅಂತ ಕಲಿಸೋದು ಇದನ್ನೇ. ಸುಣ್ಣ ಬೇಸ್, ನಿಂಬೆ ಆಸಿಡ್.

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಬಿಡೋದು ಯಾಕೆ? ಹುಳಿಯಲ್ಲಿರುವ ಆಸಿಡ್ ಅದನ್ನು ಕರಗಿಸುತ್ತೆ.

ಇನ್ನು 'ಪಿಎಚ್'. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಅನ್ನುವ ವಿಜ್ಞಾನಿ ಕೊಟ್ಟ ಅಳತೆ ಇದು. 7 ಅಂದರೆ ಹುಳಿಯೂ ಅಲ್ಲ, ಸುಣ್ಣವೂ ಅಲ್ಲ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತು ಅಂತ ಅರ್ಥ. ನಿಂಬೆರಸ ಸುಮಾರು 2. ನಮ್ಮ ರಕ್ತ ಮಾತ್ರ 7.35ರಿಂದ 7.45ರ ಒಳಗೇ ಇರಬೇಕು. ಅದನ್ನು ಅಲ್ಲಾಡದಂತೆ ಹಿಡಿದಿಡುವ ಏರ್ಪಾಟಿಗೇ 'ಬಫರ್' ಅನ್ನೋದು.

ಮಾರ್ಕ್ಸಿಗಷ್ಟೇ ಅಲ್ಲ

'ಇದೆಲ್ಲ ಆಸ್ಪತ್ರೇಲಿ ಯಾರು ಕೇಳ್ತಾರೆ?' ಅಂತ ಮಗಳು ಅಂದರೆ ಈ ಉದಾಹರಣೆ ಕೊಡಿ.

ರೋಗಿಗೆ ಏರಿಸುವ ನಾರ್ಮಲ್ ಸಲೈನ್ ಶೇ 0.9. ಅಂದರೆ ಲೀಟರಿಗೆ 9 ಗ್ರಾಂ ಉಪ್ಪು. ಉಪ್ಪಿನ ಒಂದು 'ಮೋಲ್' ತೂಕ 58.5 ಗ್ರಾಂ. ಭಾಗಿಸಿದರೆ 0.154 ಮೋಲ್, ಅಂದರೆ 154 ಮಿಲಿಮೋಲ್. ಸಲೈನ್ ಬಾಟಲಿ ಮೇಲೆ ಕಾಣುವ ಅಂಕಿ ಇದೇ! ಹಾಗೇ ಗ್ಲೂಕೋಸಿನ ಮೋಲ್ 180 ಗ್ರಾಂ. ಅದಕ್ಕೇ ಖಾಲಿ ಹೊಟ್ಟೆಯ ಶುಗರ್ 126 ಮಿಲಿಗ್ರಾಂ ಅನ್ನೋದನ್ನ 18ರಿಂದ ಭಾಗಿಸಿದರೆ 7 ಮಿಲಿಮೋಲ್ ಬರುತ್ತೆ.

ಇನ್ಸುಲಿನ್ ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನದೂ ಸಿಗುತ್ತೆ, 100 ಯೂನಿಟ್ಟಿನದೂ ಸಿಗುತ್ತೆ. 100ರದನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಎರಡೂವರೆ ಪಟ್ಟು ಔಷಧ ಹೋಗುತ್ತೆ. ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ನನ್ನು ತೆಳು ಮಾಡದೆ ನೇರ ನರಕ್ಕೆ ಕೊಟ್ಟರೆ ಹೃದಯವೇ ನಿಲ್ಲಬಹುದು. ತರಗತಿಯಲ್ಲಿ ಬೋರು ಹೊಡೆಸುವ 'ಕಾನ್ಸಂಟ್ರೇಶನ್' ಪಾಠ ವಾರ್ಡಿನಲ್ಲಿ ಒಂದು ಜೀವ.

ಒಳ್ಳೆಯದೂ ಇದರಿಂದಲೇ ಆಗಿದೆ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ಸಲೈನ್ ಬಾಟಲಿ ಸಾಲದೆ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಇಂದಿನ ಓಆರ್‌ಎಸ್ ಪೊಟ್ಟಣದ ಅಳತೆ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿದ್ದು. ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಮಗುವಿನ ಭೇದಿ ಇನ್ನೂ ಹೆಚ್ಚಬಹುದು.

ಹುಡುಗಿಯರೇ, ಹೀಗೆ ಮಾಡಿ ನೋಡಿ

* ಇನ್ನೂರು ಪುಟದ ಒಂದು ನೋಟ್‌ಬುಕ್ ಇಡಿ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ದಿನಕ್ಕೆ ಹತ್ತು ಪದ ಸಾಕು.
* ಎಸ್ಸೆಸ್ಸೆಲ್ಸಿ ವಿಜ್ಞಾನದ ಕನ್ನಡ ಪುಸ್ತಕ ರದ್ದಿಗೆ ಹಾಕಬೇಡಿ. ಮೊದಲು ಅದರಲ್ಲಿ ಓದಿ, ಆಮೇಲೆ ಕಾಲೇಜಿನ ಪುಸ್ತಕ ತೆಗೆಯಿರಿ.
* ಗ್ರಾಂ, ಮಿಲಿಗ್ರಾಂ, ಮೈಕ್ರೋಗ್ರಾಂ. ಲೀಟರ್, ಡೆಸಿಲೀಟರ್, ಮಿಲಿಲೀಟರ್ ಬದಲಾಯಿಸುವ ಲೆಕ್ಕ ದಿನಾ ಐದು ಮಾಡಿ. ಉತ್ತರದ ಮುಂದೆ ಯೂನಿಟ್ ಬರೆಯದೆ ಪೆನ್ನು ಕೆಳಗಿಡಬೇಡಿ.
* ಕ್ಲಾಸಿನಲ್ಲಿ ಕೇಳೋಕೆ ನಾಚಿಕೆಯಾದರೆ ಪಾಠ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಕೇಳಿ. ಕನ್ನಡದಲ್ಲೇ ಕೇಳಿ, ತಪ್ಪೇನಿಲ್ಲ.
* ರೂಮ್‌ಮೇಟ್‌ಗೆ ಪಾಠ ಹೇಳಿ. ಹೇಳುವಾಗ ಎಲ್ಲಿ ತಡವರಿಸ್ತೀರೋ ಅಲ್ಲೇ ಓದಬೇಕಾದ್ದು ಬಾಕಿ ಇದೆ.
* ಲ್ಯಾಬಿನಲ್ಲಿ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಸಿಡಿದರೆ ಕಣ್ಣೇ ಹೋದೀತು. ಜಡೆ ಕಟ್ಟಿ, ವೇಲ್ ತೆಗೆದಿಟ್ಟು, ಕೋಟು ಹಾಕ್ಕೊಂಡೇ ಒಳಗೆ ಹೋಗಿ.

ಅಮ್ಮಂದಿರಿಗೊಂದು ಮಾತು

ಫೋನ್ ಮಾಡಿದಾಗ 'ಎಷ್ಟು ಮಾರ್ಕ್ಸ್ ಬಂತು?' ಅನ್ನೋದಕ್ಕಿಂತ 'ಇವತ್ತೇನು ಕಲಿತೆ, ನಂಗೂ ಹೇಳು' ಅನ್ನಿ. ನಿಮಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳೋಕೆ ಬಂದರೆ ಅವಳಿಗೆ ಅರ್ಥವಾಗಿದೆ ಅಂತಲೇ ಲೆಕ್ಕ. ಇಂಟರ್ನಲ್ಸ್‌ನಲ್ಲಿ ಒಂದು ಸಲ ಕಡಿಮೆ ಬಂದ ಮಾತ್ರಕ್ಕೆ ಕೋರ್ಸ್ ಮುಗಿದು ಹೋಗೋಲ್ಲ. ಪೆಟ್ಟಿಗೆ ಕಟ್ಟಿಸಿ ವಾಪಸ್ ಕರೆಸುವ ಮುಂಚೆ ಒಂದು ಸೆಮಿಸ್ಟರ್ ಪೂರ್ತಿ ಟೈಮ್ ಕೊಡಿ. ನಾಳೆ ನಮ್ಮದೇ ತಾಲ್ಲೂಕು ಆಸ್ಪತ್ರೆಯಲ್ಲಿ ಯಾರದೋ ಮಗುವಿಗೆ ಡ್ರಿಪ್ ಹಾಕುವಾಗ ಬಾಟಲಿ ಮೇಲಿನ ಅಂಕಿಯನ್ನು ಎರಡು ಸಲ ಓದುವ ಸಿಸ್ಟರ್ ನಿಮ್ಮ ಮಗಳೇ ಆಗಿರಬಹುದು.