ಹಂಪ್ ಕಂಡರೆ ಆಫ್ ಆಗ್ತಿದ್ದ ಕಾರು

ನಮ್ಮ ಮನೆಯ ಮಾರುತಿ 800 ಕಾರಿಗೆ ನನಗಿಂತ ವಯಸ್ಸು ಜಾಸ್ತಿ. 1997ರ ಮಾಡೆಲ್, ಕಾರ್ಬುರೇಟರ್ ಗಾಡಿ. ಓಡುವಾಗ ಯಾವ ತಕರಾರೂ ಇಲ್ಲ. ಹಂಪ್ ಹತ್ತಿರ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮಾತ್ರ ಇಂಜಿನ್ ಒಮ್ಮೆ ಏರಿ, ಒಮ್ಮೆ ಇಳಿದು, ಗಡಗಡ ನಡುಗಿ ಆಫ್ ಆಗಿಬಿಡುತ್ತಿತ್ತು. ಈ ಕಾರಿನ 796 ಸಿಸಿ ಇಂಜಿನ್‌ಗೆ ಇರುವುದು ಮೂರೇ ಸಿಲಿಂಡರ್. ಐಡ್ಲಿಂಗ್ ಸ್ವಲ್ಪ ಏರುಪೇರಾದರೂ ಇಡೀ ಗಾಡಿ ನಡುಗುತ್ತದೆ.

ಮೊದಲಾದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಕಳೆದ ವರ್ಷದಿಂದ ಅಜ್ಜಿಗೆ ವಾರಕ್ಕೆರಡು ಸಲ ಹಾಸನದಲ್ಲಿ ಡಯಾಲಿಸಿಸ್. ಹಳ್ಳಿಮೈಸೂರಿನಿಂದ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಒಂದು ದಿನ ಹೊಳೆನರಸೀಪುರದ ಹೇಮಾವತಿ ಸೇತುವೆ ಮೇಲೇ ಗಾಡಿ ನಿಂತಿತು. ಹಿಂದೆ ಬಸ್ಸುಗಳ ಹಾರ್ನ್. ಅಪ್ಪ, ನಾನು ಇಳಿದು ತಳ್ಳಿದೆವು. ‘ನನ್ನಿಂದ ನಿಂಗೆಷ್ಟು ತೊಂದ್ರೆ ಮಗ’ ಎಂದರು ಅಜ್ಜಿ. ಮುಂದಿನ ಸಲ ‘ಮೈ ಚೆನ್ನಾಗೈತೆ, ಇವತ್ತು ಬ್ಯಾಡ ಬುಡು’ ಎಂದು ಹೊರಡಲೇ ಇಲ್ಲ.

ಅಪ್ಪ ಮೂರು ಮೆಕ್ಯಾನಿಕ್‌ಗಳಿಗೆ ತೋರಿಸಿದ್ದರು. ಸ್ಪಾರ್ಕ್ ಪ್ಲಗ್ ಬದಲಾಯಿತು, ಕಾರ್ಬುರೇಟರ್ ಎರಡು ಸಲ ಕ್ಲೀನ್ ಆಯಿತು. ಕೊನೆಗೆ ಎಲ್ಲರೂ ಐಡ್ಲಿಂಗ್ ಸ್ಕ್ರೂ ತಿರುಗಿಸಿ ರೇಸ್ ಏರಿಸುತ್ತಿದ್ದರು. ಹತ್ತು ದಿನ ಸರಿ, ಆಮೇಲೆ ಮತ್ತದೇ ಕಥೆ. ‘ಗುಜರಿಗೆ ಹಾಕಿ ಸಾರ್’ ಎಂದರು ಒಬ್ಬರು.

ಅಂದಿನಿಂದ ನಾನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗುರುತು ಹಾಕತೊಡಗಿದೆ. ಬೆಳಿಗ್ಗೆ ಚೋಕ್ ಎಳೆದಿದ್ದಾಗ ಆಫ್ ಆಗುವುದಿಲ್ಲ. ಇಂಜಿನ್ ಬಿಸಿಯಾಗಿ ಚೋಕ್ ಒಳಗೆ ತಳ್ಳಿದ ಮೇಲೇ ಶುರು. ಬಂಕ್ ಬದಲಿಸಿದರೂ ಅದೇ. ಚೋಕ್ ಎಳೆದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಹೆಚ್ಚು ಪೆಟ್ರೋಲ್ ಸಿಕ್ಕಾಗ ಸರಿ ಇರುತ್ತದೆಂದರೆ, ಎಲ್ಲಿಂದಲೋ ಬೇಡದ ಗಾಳಿ ಒಳಗೆ ಹೋಗುತ್ತಿರಬೇಕು! ಕಾಲು ತೆಗೆದಾಗ ಗಾಳಿಯ ದಾರಿ ಬಹುತೇಕ ಮುಚ್ಚಿರುತ್ತದೆ. ಇಂಜಿನ್ ಜೋರಾಗಿ ಎಳೆಯುತ್ತದೆ. ಆಗ ಸಣ್ಣ ಬಿರುಕೂ ದೊಡ್ಡದೇ. ವೇಗದಲ್ಲಿ ಹೇಗೂ ಗಾಳಿ ಬೇಕಾದಷ್ಟು ಹೋಗುವುದರಿಂದ ಅದು ಲೆಕ್ಕಕ್ಕೇ ಬರುವುದಿಲ್ಲ.

ಭಾನುವಾರ ಬಾನೆಟ್ ಎತ್ತಿ, ಇಂಜಿನ್ ಆನ್ ಇಟ್ಟು, ಫ್ಯಾನ್, ಬೆಲ್ಟಿಗೆ ಕೈ ತಾಗದಂತೆ ಸಣ್ಣ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅದುಮಿದೆ. ಮೂರನೆಯದನ್ನು ಹಿಡಿದದ್ದೇ ತಡ, ನಡುಕ ನಿಂತಿತು.

‘ಏನ್ ಮಾಡ್ದೆ ಮಗ?’ ಸೀಟಿನಿಂದ ಅಪ್ಪ ಕೂಗಿದರು.

‘ಏನೂ ಇಲ್ಲಪ್ಪ, ಪೈಪ್ ಹಿಡ್ಕೊಂಡಿದೀನಿ ಅಷ್ಟೆ.’

ಬಿಚ್ಚಿ ನೋಡಿದರೆ, ಬಗ್ಗಿಸಿದಾಗ ಮಾತ್ರ ಕಾಣುವ ಬಿರುಕು. ಹೊಸ ಪೈಪಿಗೆ ಅರವತ್ತು ರೂಪಾಯಿ. ಹಾಕಿದೊಡನೆ ಇಂಜಿನ್ ಅಬ್ಬರಿಸತೊಡಗಿತು. ನನಗೆ ಭಯ, ಅಪ್ಪ ನಕ್ಕರು. ಇಷ್ಟು ದಿನ ಸ್ಕ್ರೂ ತಿರುಗಿಸಿದ್ದೆಲ್ಲ ಆ ಬಿರುಕಿನ ಲೆಕ್ಕಕ್ಕೆ ತಾನೆ! ನಿಧಾನವಾಗಿ ಹಿಂದಕ್ಕೆ ತಿರುಗಿಸಿದರು. ಸದ್ದು ಇಳಿದು ಹದಕ್ಕೆ ಬಂತು. ನಿಮ್ಮ ಮನೆಯ ಹಳೇ ಗಾಡಿಯೂ ಹೀಗೇ ಆಡುತ್ತಿದ್ದರೆ, ಸ್ಕ್ರೂ ಮುಟ್ಟುವ ಮೊದಲು ಪೈಪು ನೋಡಿ.

ಮಂಗಳವಾರ ಅಜ್ಜಿಯನ್ನು ಒತ್ತಾಯ ಮಾಡಿ ಹತ್ತಿಸಿಕೊಂಡೆವು. ಪ್ರತಿ ಹಂಪಿಗೂ ಮೂವರೂ ಮಾತು ನಿಲ್ಲಿಸುತ್ತಿದ್ದೆವು. ಸೇತುವೆ ದಾಟಿತು, ಹಾಸನವೂ ಬಂತು. ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಅಜ್ಜಿ ಕೇಳಿದರು: ‘ಶುಕ್ರವಾರ ಎಷ್ಟೊತ್ತಿಗ್ಲಾ ಹೊರಡಾದು?’